ಒಂದೇ ತಾಯಿಯ ಎರಡು ಕಲ್ಲುಗಳು – ಹಿರಣ್ಯಕೇಶಿ ದಂಡೆಯಲ್ಲಿ ರಾಸಾಯನಿಕ ಸಮತೋಲನ



ನಾವು ಟಿ.ಸಿ.ಎಚ್. ಮುಗಿಸಿ, ಆಮೇಲೆ ಬಿ.ಎ. ಓದಿದವರು. ನಮ್ಮ ವಿಷಯ ಇತಿಹಾಸ. ಆದರೆ ಗಡಿಯಾಚೆಯ ಕನ್ನಡ ಶಾಲೆ ಎಂದರೆ ನಿಮಗೆ ಗೊತ್ತೇ ಇದೆ. ಯಾವ ವಿಷಯಕ್ಕೆ ಶಿಕ್ಷಕರಿಲ್ಲವೋ ಆ ವಿಷಯ ಇದ್ದವರ ಹೆಗಲಿಗೆ ಬೀಳುತ್ತದೆ. ಹೀಗೆ ನಮ್ಮ ಹೆಗಲಿಗೆ ಬಿದ್ದದ್ದು ವಿಜ್ಞಾನ. ರಾತ್ರಿ ಓದಿಕೊಂಡು ಬೆಳಿಗ್ಗೆ ಪಾಠ ಮಾಡುವುದು ರೂಢಿಯಾಗಿದೆ. ಅದರಲ್ಲಿ ನಾಚಿಕೆಯೇನಿಲ್ಲ, ಆದರೆ ಒಮ್ಮೊಮ್ಮೆ ತಪ್ಪು ಆಗುತ್ತದೆ. ಅಂಥದೊಂದು ತಪ್ಪಿನಿಂದಲೇ ಈ ಲೇಖನ ಹುಟ್ಟಿತು.

ಒಂದು ದಿನ ರಾಸಾಯನಿಕ ಬದಲಾವಣೆಯ ಪಾಠ ನಡೆದಿತ್ತು. ಕಬ್ಬಿಣ ತುಕ್ಕು ಹಿಡಿಯುತ್ತದೆ, ಹಾಲು ಮೊಸರಾಗುತ್ತದೆ, ಕಟ್ಟಿಗೆ ಬೂದಿಯಾಗುತ್ತದೆ ಎಂದೆಲ್ಲ ಹೇಳಿ, ಮಾತಿನ ಭರದಲ್ಲಿ "ಕಲ್ಲು ಮಾತ್ರ ನೋಡ್ರಿ, ಹಂಗಽ ಇರತೈತಿ, ಬದಲಾಗೂದಿಲ್ಲ" ಎಂದುಬಿಟ್ಟೆವು. ಮರುದಿನ ಹಿಂದಿನ ಬೆಂಚಿನ ಹುಡುಗನೊಬ್ಬ ಚೀಲದಿಂದ ಎರಡು ಕಲ್ಲು ತೆಗೆದು ಮೇಜಿನ ಮೇಲೆ ಇಟ್ಟ. ಒಂದು ಕೆಂಪು, ಜೇನುಗೂಡಿನ ಹಾಗೆ ತೂತು ತೂತು. ಆಜರಾದ ಕಡೆಯ ಅಜ್ಜಿಯ ಊರಿನಿಂದ ತಂದದ್ದು. ಇನ್ನೊಂದು ಬಿಳಿ, ಗೆಣಸಿನ ಹಾಗೆ ಗಂಟು ಗಂಟು. ತಮ್ಮ ಎರಿ ಹೊಲದಲ್ಲಿ ನೇಗಿಲಿಗೆ ಸಿಕ್ಕದ್ದು. "ಸರ್, ಎರಡೂ ಕಡೆ ಬಾವಿ ತೋಡಿದರ ಕೆಳಗ ಕರೀ ಕಲ್ಲಽ ಹತ್ತತೈತಿ. ಮತ್ತ ಮ್ಯಾಲಿಂದು ಅಲ್ಲಿ ಕೆಂಪು, ಇಲ್ಲಿ ಬಿಳಿ ಯಾಕ?"

ನಮಗೆ ಉತ್ತರ ಬರಲಿಲ್ಲ. "ನಾಳೆ ಹೇಳುತ್ತೇನೆ" ಎಂದೆವು. ಆ ನಾಳೆ ಬರಲು ಹಲವು ತಿಂಗಳು ಹಿಡಿಯಿತು. ಇತಿಹಾಸದವರಾದ್ದರಿಂದ ಕಲ್ಲಿನ ಜಾಡು ಹಿಡಿದು ಹಳೆಯ ಕಾಲಕ್ಕೇ ಹೋದೆವು. ಅಲ್ಲಿ ಸಿಕ್ಕಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇವೆ.

ನದಿಯೊಂದೇ, ಮಳೆ ಬೇರೆ

ಮೊದಲು ನಮ್ಮ ನದಿಯನ್ನು ನೋಡೋಣ. ಹಿರಣ್ಯಕೇಶಿ ಹುಟ್ಟುವುದು ಸಹ್ಯಾದ್ರಿಯ ಮೇಲಿನ ಅಂಬೋಲಿಯಲ್ಲಿ, ಗುಹೆಯೊಳಗಿನ ಶಿವನ ಸನ್ನಿಧಿಯಲ್ಲಿ. ಅಲ್ಲಿಂದ ಪೂರ್ವಕ್ಕೆ ಹರಿದು ಆಜರಾ, ಗಡಹಿಂಗ್ಲಜ ದಾಟಿ ಕರ್ನಾಟಕದ ಸಂಕೇಶ್ವರಕ್ಕೆ ಬರುತ್ತದೆ. ಮುಂದೆ ಘಟಪ್ರಭೆಯನ್ನು ಸೇರಿ, ಗೋಕಾಕದಲ್ಲಿ ಧುಮುಕಿ, ಕೃಷ್ಣೆಯ ಪಾಲಾಗುತ್ತದೆ. ಅಂಬೋಲಿಯಲ್ಲಿ ವರ್ಷಕ್ಕೆ ಸುಮಾರು 7000 ಮಿಲಿಮೀಟರ್ ಮಳೆ. ಆಜರಾಕ್ಕೆ ಬರುವಷ್ಟರಲ್ಲಿ ಅದು ಬಹಳ ಕಡಿಮೆಯಾಗುತ್ತದೆ, ಆದರೂ ಭತ್ತ ಬೆಳೆಯುವಷ್ಟು ಇರುತ್ತದೆ. ಆಜರಾದ ಘನಸಾಳ ಅಕ್ಕಿಯ ಪರಿಮಳ ಬಲ್ಲವರೇ ಬಲ್ಲರು. ಗಡಹಿಂಗ್ಲಜ ದಾಟಿ ಸಂಕೇಶ್ವರ, ಹುಕ್ಕೇರಿಯ ಬಯಲಿಗೆ ಇಳಿದರೆ ಆರೇಳು ನೂರು ಮಿಲಿಮೀಟರ್ ಬಿದ್ದರೆ ದೊಡ್ಡ ಮಾತು. ಅಲ್ಲಿ ಜೋಳ, ಎರಿ ಮಣ್ಣು.

ಬಸ್ಸಿನಲ್ಲಿ ಒಂದೇ ದಿನದ ಈ ದಾರಿಯಲ್ಲಿ ಕೆಳಗಿನ ಬಂಡೆ ಬಹುಪಾಲು ಒಂದೇ: ಕರಿಕಲ್ಲು, ಅಂದರೆ ಬಸಾಲ್ಟ್. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ನೆಲ ಬಿರಿದು, ಲಾವಾರಸ ಪದರ ಪದರವಾಗಿ ಹರಿದು ದಖ್ಖನ್ ಪ್ರಸ್ಥಭೂಮಿಯಾಯಿತು. ಆ ಪದರಗಳ ಕಲ್ಲು ಇದು. ಘಟ್ಟದ ನೆತ್ತಿಯಲ್ಲಿ ಇದರ ಮೇಲೆ ಕೆಂಪು ಕಲ್ಲಿನ ಟೊಪ್ಪಿಗೆ ಇದೆ. ಕನ್ನಡದಲ್ಲಿ ಜಂಬಿಟ್ಟಿಗೆ, ಕರಾವಳಿಯಲ್ಲಿ ಮುರಕಲ್ಲು, ಮರಾಠಿಯಲ್ಲಿ ಜಾಂಭಾ. ಆ ಬಟಾಬಯಲು ನೆತ್ತಿಗೆ ಇಲ್ಲಿಯವರು ಸಡಾ ಎನ್ನುತ್ತಾರೆ. ಬಯಲಿನಲ್ಲಿ ಅದೇ ಬಸಾಲ್ಟಿನ ಮೇಲೆ ಕರಿ ಎರಿ, ಅದರೊಳಗೆ ಬಿಳಿ ಸುಣ್ಣದ ಹರಳು, ಅಂದರೆ ಕಂಕರ. ಹಿಂದೆ ಹಿರಿಯರು ಇದನ್ನೇ ಸುಟ್ಟು ಗೋಡೆಗೆ ಸುಣ್ಣ ಮಾಡುತ್ತಿದ್ದರು.

ಒಂದೇ ತಾಯಿಗೆ ಇಷ್ಟು ಬೇರೆ ಬೇರೆ ಮಕ್ಕಳು ಹೇಗೆ? ಇದಕ್ಕೆ ಉತ್ತರ ಹುಡುಕಲು ನಾವು ಈಜಿಪ್ಟಿಗೆ ಹೋಗಬೇಕು. ಅದೂ ನಮಗೆ ಗೊತ್ತಿರುವ ಒಂದು ವರ್ಷಕ್ಕೆ.

1799: ಒಂದು ಪತ್ರ, ಒಂದು ಸರೋವರ

1799 ಎಂದರೆ ಕನ್ನಡಿಗರಿಗೆ ಶ್ರೀರಂಗಪಟ್ಟಣ ನೆನಪಾಗುತ್ತದೆ. ಆ ವರ್ಷದ ಮೇ 4ರಂದು ಟಿಪ್ಪು ಸುಲ್ತಾನ್ ಕೋಟೆಯಲ್ಲಿ ಹೋರಾಡುತ್ತ ಮಡಿದ. ಅದಕ್ಕೂ ಮೊದಲು ಜನವರಿಯಲ್ಲಿ ನೆಪೋಲಿಯನ್ ಕೈರೋದಿಂದ ಟಿಪ್ಪುವಿಗೆ ಒಂದು ಪತ್ರ ಬರೆದಿದ್ದ. ದೊಡ್ಡ ಸೈನ್ಯದೊಡನೆ ಕೆಂಪು ಸಮುದ್ರದ ದಂಡೆಗೆ ಬಂದಿದ್ದೇನೆ ಎಂಬ ಭರವಸೆಯ ಪತ್ರ. ಅದು ಟಿಪ್ಪುವಿಗೆ ತಲುಪಲಿಲ್ಲ, ದಾರಿಯಲ್ಲೇ ಬ್ರಿಟಿಷರ ಕೈಗೆ ಸಿಕ್ಕಿತು. ಇದನ್ನು ನಾವು ಪಾಠದಲ್ಲಿ ಹೇಳುತ್ತೇವೆ. ಆದರೆ ಆ ಚಳಿಗಾಲದಲ್ಲೇ ಅದೇ ನೆಪೋಲಿಯನ್ನನ ಪರಿವಾರದ ರಸಾಯನ ಶಾಸ್ತ್ರಜ್ಞನೊಬ್ಬ ಕೈರೋ ಬಳಿಯ ಮರುಭೂಮಿಯಲ್ಲಿ ಏನು ನೋಡಿದ ಎಂಬುದು ನಮಗೇ ಗೊತ್ತಿರಲಿಲ್ಲ.

ಅವನ ಹೆಸರು ಕ್ಲಾಡ್ ಲೂಯಿ ಬರ್ತೊಲೆ. ಆ ಕಾಲದ ಪಂಡಿತರ ನಂಬಿಕೆ ಏನೆಂದರೆ, ಎರಡು ವಸ್ತುಗಳು ಕೂಡುವುದು ಅವುಗಳ ನಡುವಿನ ಒಲವಿನಿಂದ. ಯಾರಿಗೆ ಯಾರ ಮೇಲೆ ಹೆಚ್ಚು ಒಲವು ಎಂದು ಸ್ವೀಡನ್ನಿನ ಬರ್ಗ್‌ಮನ್ 1775ರಲ್ಲಿ ದೊಡ್ಡ ಕೋಷ್ಟಕವನ್ನೇ ಮಾಡಿದ್ದ. ಒಮ್ಮೆ ಕೂಡಿತೆಂದರೆ ಮುಗಿಯಿತು, ಕ್ರಿಯೆಗೆ ಒಂದೇ ದಿಕ್ಕು. ನಮ್ಮ ಕಡೆ ಜಾತಕ ಕೂಡಿಸಿ ಲಗ್ನ ಮಾಡಿದ ಹಾಗೆ!

ಬರ್ತೊಲೆ ನೋಡಿದ್ದು ನಾಟ್ರನ್ ಕಣಿವೆಯ ಉಪ್ಪಿನ ಸರೋವರಗಳನ್ನು. ಸುಣ್ಣದ ಕಲ್ಲಿನ ದಂಡೆಯ ಮೇಲೆ ಸೋಡಾ, ಅಂದರೆ ಸೋಡಿಯಂ ಕಾರ್ಬೊನೇಟ್, ಬೆಳ್ಳಗೆ ಹೆಪ್ಪುಗಟ್ಟಿತ್ತು. ಅವನಿಗೆ ಆಶ್ಚರ್ಯ. ಏಕೆಂದರೆ ಪ್ರಯೋಗಶಾಲೆಯಲ್ಲಿ ಸೋಡಾ ಮತ್ತು ಕ್ಯಾಲ್ಸಿಯಂ ಕ್ಲೋರೈಡನ್ನು ಕೂಡಿಸಿದರೆ ಸುಣ್ಣಕಲ್ಲಿನ ಪುಡಿ ಮತ್ತು ಅಡಿಗೆ ಉಪ್ಪು ಬರುತ್ತವೆ. ಇಲ್ಲಿ ನಡೆದದ್ದು ಅದರ ತದ್ವಿರುದ್ಧ. ಉಪ್ಪು ಮತ್ತು ಸುಣ್ಣಕಲ್ಲು ಕೂಡಿ ಸೋಡಾ ಆಗಿದೆ! ಉಪ್ಪೂ ಸುಣ್ಣಕಲ್ಲೂ ಅಲ್ಲಿ ರಾಶಿ ರಾಶಿ ಇವೆ, ಉಂಟಾದ ಸೋಡಾ ದಂಡೆಗೆ ಸರಿದು ಬೇರ್ಪಡುತ್ತಿದೆ. ಹಾಗಾಗಿ ಕ್ರಿಯೆ ಹಿಮ್ಮುಖವಾಗಿ ನಡೆದಿದೆ ಎಂದು ಅವನು ತರ್ಕಿಸಿದ. ಒಲವೊಂದೇ ಸಾಲದು, ಪ್ರಮಾಣವೂ ಮುಖ್ಯ. ಈ ವಿಚಾರವನ್ನು ಅವನು 1799ರಲ್ಲಿ ಕೈರೋದಲ್ಲೇ ಮಂಡಿಸಿದ, 1803ರಲ್ಲಿ ದೊಡ್ಡ ಗ್ರಂಥವಾಗಿ ಪ್ರಕಟಿಸಿದ. ರಾಸಾಯನಿಕ ಸಮತೋಲನ ಎಂಬ ವಿಚಾರದ ಬೀಜ ಹೀಗೆ ಬಯಲಿನಲ್ಲಿ, ಒಂದು ಸರೋವರದ ದಂಡೆಯಲ್ಲಿ ಸಿಕ್ಕಿತು. ಗಾಜಿನ ಪಾತ್ರೆಯಲ್ಲಲ್ಲ. ಇದು ನಮಗೆ ಬಹಳ ಹಿಡಿಸಿತು. ನಮ್ಮ ಶಾಲೆಗಳಲ್ಲಿ ಪ್ರಯೋಗಶಾಲೆ ಇಲ್ಲದಿದ್ದರೂ ಬಯಲು ಇದೆಯಲ್ಲ!

ಬುಕಾನನ್ ಕಂಡ ಇಟ್ಟಿಗೆ ಕಲ್ಲು

ಟಿಪ್ಪು ಬಿದ್ದ ಮೇಲೆ ಹೊಸದಾಗಿ ಕೈಗೆ ಬಂದ ಸೀಮೆಯಲ್ಲಿ ಏನೇನಿದೆ ಎಂದು ತಿಳಿಯಲು ಗವರ್ನರ್ ಜನರಲ್ ವೆಲ್ಲೆಸ್ಲಿ ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್‌ನನ್ನು ಕಳಿಸಿದ. 1800–1801ರಲ್ಲಿ ಅವನು ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿ ಬೆಳೆ, ಮಣ್ಣು, ಕುಲಕಸುಬು ಎಲ್ಲವನ್ನೂ ಬರೆದಿಟ್ಟ. ಇತಿಹಾಸ ಓದುವವರಿಗೆ ಈ ಪುಸ್ತಕ ಹೊಸದಲ್ಲ.

1800ರ ಕೊನೆಯಲ್ಲಿ ಮಲಬಾರಿನ ಅಂಗಡಿಪುರಂನಲ್ಲಿ ಅವನ ಕಣ್ಣಿಗೆ ಒಂದು ವಿಚಿತ್ರ ಕಲ್ಲು ಬಿತ್ತು. ನೆಲದಲ್ಲಿರುವಾಗ ಮೆತ್ತಗೆ, ಕಬ್ಬಿಣದ ಹತಾರದಿಂದ ಸಲೀಸಾಗಿ ಕಡಿಯಬಹುದು. ತುಂಡು ಮಾಡಿ ಗಾಳಿ ಬಿಸಿಲಿಗೆ ಇಟ್ಟರೆ ಇಟ್ಟಿಗೆಗಿಂತ ಗಟ್ಟಿ. ಲ್ಯಾಟಿನ್ನಿನಲ್ಲಿ ಇಟ್ಟಿಗೆಗೆ ಲೇಟರ್ ಎನ್ನುತ್ತಾರೆ. ಅದರಿಂದ ಅವನು ಲ್ಯಾಟರೈಟ್ ಎಂಬ ಹೆಸರು ಕಟ್ಟಿದ. 1807ರಲ್ಲಿ ಅವನ ಪ್ರವಾಸ ಕಥನ ಲಂಡನ್ನಿನಲ್ಲಿ ಅಚ್ಚಾದಾಗ ಆ ಹೆಸರು ಜಗತ್ತಿಗೆ ಹೋಯಿತು. ಅಂಗಡಿಪುರಂನಲ್ಲಿ 1979ರಲ್ಲಿ ಇದರ ಸ್ಮಾರಕವನ್ನೂ ನಿಲ್ಲಿಸಿದ್ದಾರೆ. ಜಂಬಿಟ್ಟಿಗೆ ಎಂಬ ನಮ್ಮ ಮಾತಿನಲ್ಲೇ ಇಟ್ಟಿಗೆ ಇದೆ ಎಂಬುದನ್ನು ಗಮನಿಸಿ. ಸಾಹೇಬರು ಕಂಡದ್ದನ್ನು ನಮ್ಮ ಕಲ್ಲುಕುಟಿಗರೂ ಕಂಡಿದ್ದರು.

ಬುಕಾನನ್ ಹೆಸರಿಟ್ಟ, ಆದರೆ ಈ ಕಲ್ಲು ಹೇಗೆ ಆಯಿತು ಎಂದು ಹೇಳಲಿಲ್ಲ. ಅದಕ್ಕೆ ಬೇಕಾದ ಸೂತ್ರ ಸಿಗಲು ಇನ್ನೂ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು.

ಸಣ್ಣ ಭಾಷೆಯ ದೊಡ್ಡ ನಿಯಮ

ಈ ಭಾಗವನ್ನು ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೆ ತಪ್ಪದೆ ಹೇಳಿರಿ. 1864ರಲ್ಲಿ ನಾರ್ವೆ ದೇಶದ ಗುಲ್ಡ್‌ಬರ್ಗ್ ಮತ್ತು ವಾಗೆ ಎಂಬ ಇಬ್ಬರು ಬೀಗರು, ಒಬ್ಬ ಗಣಿತದವ ಇನ್ನೊಬ್ಬ ರಸಾಯನದವ, ಒಂದು ನಿಯಮ ಕಂಡುಹಿಡಿದರು. ಕ್ರಿಯೆ ಮುಂದಕ್ಕೂ ನಡೆಯುತ್ತದೆ, ಹಿಂದಕ್ಕೂ ನಡೆಯುತ್ತದೆ. ಎರಡೂ ಕಡೆಯ ಬಲ ಅಲ್ಲಿರುವ ವಸ್ತುಗಳ ಪ್ರಮಾಣದ ಮೇಲೆ ನಿಂತಿದೆ. ಎರಡೂ ಸಮವಾದಾಗ ಹೊರಗಿನಿಂದ ನೋಡಿದರೆ ಏನೂ ನಡೆಯದಂತೆ ಕಾಣುತ್ತದೆ. ಅದೇ ಸಮತೋಲನ. ಇದನ್ನು ಅವರು ತಮ್ಮ ತಾಯ್ನುಡಿಯಲ್ಲೇ ಪ್ರಕಟಿಸಿದರು. ಯಾರೂ ಓದಲಿಲ್ಲ! 1867ರಲ್ಲಿ ಫ್ರೆಂಚಿನಲ್ಲಿ ಬರೆದರು, ಆಗಲೂ ಅಷ್ಟಕ್ಕಷ್ಟೇ. ಹಾಲೆಂಡಿನ ವಾಂಟ್ ಹಾಫ್ 1877ರಲ್ಲಿ ಸ್ವತಂತ್ರವಾಗಿ ಇದೇ ದಾರಿಗೆ ಬಂದ ಮೇಲೆ, 1879ರಲ್ಲಿ ಇವರು ಜರ್ಮನ್ನಿನಲ್ಲಿ ಮತ್ತೆ ಬರೆದರು. ಆಮೇಲೆ ಜಗತ್ತು ಒಪ್ಪಿತು. ಹದಿನೈದು ವರ್ಷ ಒಂದು ಸತ್ಯ ಸಣ್ಣ ಭಾಷೆಯೊಳಗೆ ಸುಮ್ಮನೆ ಕುಳಿತಿತ್ತು. ಯಾರೂ ಓದಲಿಲ್ಲವೆಂದು ಅದು ಸುಳ್ಳಾಗಲಿಲ್ಲ. ಕನ್ನಡದಲ್ಲಿ ಓದಿದರೆ ವಿಜ್ಞಾನ ಬರುವುದಿಲ್ಲ ಎನ್ನುವ ಪಾಲಕರಿಗೆ ನಾವು ಈ ಕಥೆಯನ್ನೇ ಹೇಳುತ್ತೇವೆ.

1884ರಲ್ಲಿ ಮತ್ತೆ ಎರಡು ಹೆಜ್ಜೆ. ವಾಂಟ್ ಹಾಫ್ ಎದುರುಬದುರು ಎರಡು ಬಾಣಗಳ ಗುರುತನ್ನು ಬಳಕೆಗೆ ತಂದ. 1901ರಲ್ಲಿ ರಸಾಯನ ಶಾಸ್ತ್ರದ ಮೊಟ್ಟಮೊದಲ ನೊಬೆಲ್ ಬಂದದ್ದು ಅವನಿಗೇ. ಅದೇ 1884ರಲ್ಲಿ ಪ್ಯಾರಿಸ್ಸಿನ ಗಣಿ ಶಾಲೆಯ ಅಧ್ಯಾಪಕ ಲ ಶಾತೆಲಿಯೆ, ಸಮತೋಲನದಲ್ಲಿರುವುದನ್ನು ನೀವು ಕದಲಿಸಿದರೆ ಅದು ಆ ಬದಲಾವಣೆಯನ್ನು ತಗ್ಗಿಸುವ ಕಡೆಗೆ ಸರಿಯುತ್ತದೆ ಎಂಬ ತತ್ವ ಹೇಳಿದ.

ಮಕ್ಕಳಿಗೆ ಇದನ್ನು ತಿಳಿಸಲು ಗೋಲಿ ಸೋಡಾ ಸಾಕು. ಗೋಲಿ ಕುಳಿತಿರುವಾಗ ಒಳಗೆ ಅನಿಲ ನೀರಿಗೆ ಇಳಿಯುತ್ತಲೇ ಇದೆ, ನೀರಿನಿಂದ ಏಳುತ್ತಲೇ ಇದೆ. ಎರಡೂ ಸಮ. ಗೋಲಿ ಒತ್ತಿದಿರೋ, ಮೇಲಿನ ಅನಿಲ ಹಾರಿಹೋಗುತ್ತದೆ. ಕೊರತೆ ತುಂಬಲು ಒಳಗಿನದು ನೊರೆನೊರೆಯಾಗಿ ಏಳುತ್ತದೆ. ಉಂಟಾದದ್ದನ್ನು ಹೊರಗೆ ಸಾಗಿಸುತ್ತ ಹೋದರೆ ಕ್ರಿಯೆ ಆ ಕಡೆಗೇ ಸಾಗುತ್ತದೆ. ಈ ಒಂದು ಮಾತು ನೆನಪಿಡಿ. ಈಗ ನದಿಗೆ ಮರಳೋಣ.

ಕೆಂಪೇಕೆ, ಬಿಳಿಯೇಕೆ?

ಮಳೆಹನಿ ಬೀಳುವಾಗ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಸ್ವಲ್ಪ ಕರಗಿಸಿಕೊಂಡು ಬರುತ್ತದೆ. ಹೀಗಾಗಿ ಶುದ್ಧ ಮಳೆನೀರೂ ತುಸು ಹುಳಿಯೇ, ಅದರ ಪಿ.ಎಚ್. ಸುಮಾರು 5.6. ಬೇರು, ಎಲೆ, ಸೂಕ್ಷ್ಮಜೀವಿಗಳು ಉಸಿರಾಡುವ ಮಣ್ಣಿನೊಳಗೆ ಈ ಅನಿಲ ಇನ್ನೂ ಹೆಚ್ಚು. ಈ ಹುಳಿನೀರು ಬಸಾಲ್ಟಿಗೆ ತಾಗಿದರೆ ಕಲ್ಲು ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ಬಸಾಲ್ಟಿನಲ್ಲಿ ಹೆಚ್ಚು ಕಡಿಮೆ ಅರ್ಧ ಸಿಲಿಕಾ. ಉಳಿದದ್ದರಲ್ಲಿ ಅಲ್ಯುಮಿನಾ, ಕಬ್ಬಿಣ, ಸುಣ್ಣ, ಮೆಗ್ನೀಶಿಯಂ ಮುಖ್ಯ. ಸುಣ್ಣ, ಮೆಗ್ನೀಶಿಯಂ, ಸೋಡಿಯಂ ಬೇಗ ನೀರಿಗಿಳಿಯುತ್ತವೆ, ಸಿಲಿಕಾ ಮೆಲ್ಲಗೆ. ಕಬ್ಬಿಣ ಮತ್ತು ಅಲ್ಯುಮಿನಿಯಂ ಬಹುಮಟ್ಟಿಗೆ ಕರಗುವುದೇ ಇಲ್ಲ.

ಘಟ್ಟದ ನೆತ್ತಿಯಲ್ಲಿ ಏನಾಗುತ್ತದೆ ನೋಡಿ. ಅಲ್ಲಿ ಮಳೆ ವಿಪರೀತ. ಕರಗಿದ್ದು ಕರಗಿದ ಹಾಗೇ ಕೊಚ್ಚಿಹೋಗುತ್ತದೆ. ಗೋಲಿ ತೆಗೆದ ಸೋಡಾ ಬಾಟ್ಲಿಯ ಹಾಗೆ ಸಮತೋಲನಕ್ಕೆ ಪುರುಸೊತ್ತೇ ಇಲ್ಲ, ಕ್ರಿಯೆ ಮುಂದೆ ಮುಂದೆ. ಮೊದಲು ಕಲ್ಲು ಜೇಡಿಯಾಗುತ್ತದೆ. ನೀರಿನಲ್ಲಿ ಸಿಲಿಕಾ ಸಾಕಷ್ಟು ಇದ್ದರೆ ಅಲ್ಲಿಗೇ ನಿಲ್ಲುತ್ತಿತ್ತು. ಆದರೆ ಪ್ರತಿ ಮಳೆಗಾಲದ ಹೊಸ ನೀರಿನಲ್ಲಿ ಸಿಲಿಕಾ ಇಲ್ಲವೇ ಇಲ್ಲ. ಹಾಗಾಗಿ ಜೇಡಿಯೂ ತನ್ನ ಸಿಲಿಕಾವನ್ನು ಬಿಟ್ಟುಕೊಡುತ್ತದೆ. ಕೊನೆಗೆ ಉಳಿಯುವುದು ಕಬ್ಬಿಣದ ಆಕ್ಸೈಡು ಮತ್ತು ಅಲ್ಯುಮಿನಿಯಂ ಹೈಡ್ರಾಕ್ಸೈಡು. ಕಬ್ಬಿಣ ಹೆಚ್ಚಾದರೆ ಕೆಂಪು ಜಂಬಿಟ್ಟಿಗೆ, ಅಲ್ಯುಮಿನಿಯಂ ಹೆಚ್ಚಾದರೆ ಬಾಕ್ಸೈಟ್. ಆ ತೂತುಗಳು ಹೊರಟುಹೋದವರ ಖಾಲಿ ಮನೆಗಳು. ಇದಕ್ಕೆ ಹಿಡಿದದ್ದು ನೂರಾರು ವರ್ಷವಲ್ಲ, ಲಕ್ಷಗಟ್ಟಲೆ, ಕೋಟಿಗಟ್ಟಲೆ ವರ್ಷ.

ಬಯಲಿನಲ್ಲಿ ಇದರ ಉಲ್ಟಾ. ಮಳೆ ಕಡಿಮೆ, ಬಿಸಿಲು ಹೆಚ್ಚು. ಕರಗಿದ ಸುಣ್ಣ ನದಿಯವರೆಗೂ ಹೋಗಲಾರದೆ ಎರಿಯೊಳಗೇ ಉಳಿಯುತ್ತದೆ. ಬೇಸಿಗೆಯಲ್ಲಿ ನೀರು ಆವಿಯಾಗುತ್ತದೆ, ಅನಿಲ ಬಿರುಕಿನಿಂದ ಹಾರಿಹೋಗುತ್ತದೆ. ಆಗ ಕ್ರಿಯೆ ಹಿಂದಕ್ಕೆ ತಿರುಗಿ, ಕರಗಿದ್ದ ಸುಣ್ಣ ಮತ್ತೆ ಕಲ್ಲಾಗುತ್ತದೆ. ಅದೇ ಹುಡುಗ ತಂದ ಬಿಳಿ ಹರಳು. ಬೋರ್‌ವೆಲ್ ನೀರು ಕಾಯಿಸುವ ಹಂಡೆಯ ಒಳಗೆ ಬಿಳಿ ಪದರ ಕಟ್ಟುವುದನ್ನು ನೀವೂ ನೋಡಿರಬಹುದು. ಹಂಡೆಯಲ್ಲಿ ತಿಂಗಳಲ್ಲಿ ಆಗುವುದು ಹೊಲದಲ್ಲಿ ಸಾವಿರಾರು ವರ್ಷಗಳಲ್ಲಿ ಆಗುತ್ತದೆ, ಅಷ್ಟೇ.

ಹಾಗಾದರೆ ಬರ್ತೊಲೆ ನಾಟ್ರನ್ ಸರೋವರದಲ್ಲಿ ಕಂಡದ್ದನ್ನೇ ನಾವು ಆಜರಾ–ಸಂಕೇಶ್ವರದ ನಡುವೆ ಕಾಣುತ್ತಿದ್ದೇವೆ. ದಿಕ್ಕನ್ನು ನಿರ್ಧರಿಸುವುದು ವಸ್ತುವಿನ ಹಟವಲ್ಲ, ಸುತ್ತಲಿನ ಸ್ಥಿತಿ.

ಗಡಿ ದಾಟುವ ಕಲ್ಲು

ಈ ಕಥೆಗೆ ಇನ್ನೊಂದು ತಿರುವಿದೆ. ಕೊಲ್ಲಾಪುರ ಜಿಲ್ಲೆಯ ಘಟ್ಟದ ಸಡಾಗಳಲ್ಲಿ, ಉದಾಹರಣೆಗೆ ರಾಧಾನಗರಿ ತಾಲೂಕಿನ ದುರ್ಗಮಾನವಾಡಿಯಲ್ಲಿ, ಬಾಕ್ಸೈಟ್ ಗಣಿಗಾರಿಕೆ ನಡೆದಿದೆ. ಇತ್ತ ಬೆಳಗಾವಿಯಲ್ಲಿ 1970ರ ಆಸುಪಾಸಿನಲ್ಲಿ ಇಂಡಿಯನ್ ಅಲ್ಯುಮಿನಿಯಂ ಕಂಪನಿಯ ಕಾರ್ಖಾನೆ ಶುರುವಾಯಿತು. ಆಮೇಲೆ ಅದು ಹಿಂಡಾಲ್ಕೊ ಆಯಿತು. ಭಾಷೆಯ ಹೆಸರಿನಲ್ಲಿ ಬಸ್ಸು ನಿಂತ ದಿನಗಳನ್ನು ನಾವೆಲ್ಲ ನೋಡಿದ್ದೇವೆ. ಕಲ್ಲಿಗೆ ಮಾತ್ರ ಗಡಿ ಎಂಬುದೇ ಇಲ್ಲ.

ಬಾಕ್ಸೈಟಿನಿಂದ ಅಲ್ಯುಮಿನಾ ತೆಗೆಯುವ ವಿಧಾನವೂ ಸಮತೋಲನದ ಆಟವೇ. ಆಸ್ಟ್ರಿಯಾದ ಕಾರ್ಲ್ ಬೇಯರ್ 1880ರ ದಶಕದ ಕೊನೆಯಲ್ಲಿ ಇದನ್ನು ಕಂಡುಹಿಡಿದ. ಬಾಕ್ಸೈಟ್ ಪುಡಿಯನ್ನು ಬಿಸಿ ಕಾಸ್ಟಿಕ್ ಸೋಡಾದಲ್ಲಿ ಒತ್ತಡದಲ್ಲಿ ಬೇಯಿಸಿದರೆ ಅಲ್ಯುಮಿನಿಯಂ ಅಂಶ ಕರಗುತ್ತದೆ, ಕಬ್ಬಿಣ ಕೆಂಪು ಕೆಸರಾಗಿ ಕೆಳಗೆ ಉಳಿಯುತ್ತದೆ. ತಿಳಿಯನ್ನು ಸೋಸಿ ತಣಿಸಿ, ಒಂದಿಷ್ಟು ಹೈಡ್ರಾಕ್ಸೈಡನ್ನು ಹೆಪ್ಪಿನ ಹಾಗೆ ಹಾಕಿದರೆ ಕ್ರಿಯೆ ಹಿಂದಿರುಗಿ ಬೆಳ್ಳನೆ ಹೈಡ್ರಾಕ್ಸೈಡು ಕೂರುತ್ತದೆ. ಬಿಸಿಯಲ್ಲಿ ಮುಂದಕ್ಕೆ, ತಂಪಿನಲ್ಲಿ ಹಿಂದಕ್ಕೆ. ಸಹ್ಯಾದ್ರಿ ಕೋಟಿ ವರ್ಷದಲ್ಲಿ ಶುರು ಮಾಡಿದ್ದನ್ನು ಕಾರ್ಖಾನೆ ಕೆಲವೇ ದಿನಗಳಲ್ಲಿ ಮುಗಿಸುತ್ತದೆ.

ಅಲ್ಯುಮಿನಿಯಂ ಬೇಡ ಎಂದು ನಾವು ಹೇಳುವುದಿಲ್ಲ. ಬಿಸಿಯೂಟದ ಪಾತ್ರೆ ಅದರದ್ದೇ. ಆದರೆ ಸಡಾ ಎಂದರೆ ಬರಡು ಬಂಡೆಯಲ್ಲ. ತೂತುಗಳಲ್ಲಿ ಮಳೆನೀರು ಇಂಗಿ, ಕೆಳಗಿನ ಝರಿಗಳಿಗೆ ಮೆಲ್ಲಗೆ ಇಳಿಯುತ್ತದೆ. ಸಾತಾರಾದ ಕಾಸ್ ಪಠಾರ ಹೂವಿಗೆ ಹೆಸರಾದದ್ದು ಇಂಥ ಕಲ್ಲಿನ ಮೇಲೆಯೇ. 2012ರಲ್ಲಿ ಕಾಸ್, ರಾಧಾನಗರಿ ಎರಡೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅಗೆದ ಕೆಂಪು ಟೊಪ್ಪಿಗೆ ನಮ್ಮ ಲೆಕ್ಕದ ಕಾಲದಲ್ಲಿ ಮತ್ತೆ ಬೆಳೆಯುವುದಿಲ್ಲ. ಬೇಯರನ ಕ್ರಿಯೆ ಹಿಂದಿರುಗುತ್ತದೆ, ಗಣಿ ಹಿಂದಿರುಗುವುದಿಲ್ಲ.

ಭೂಮಿಯ ತಕ್ಕಡಿ

ಕೊನೆಯದಾಗಿ ಇನ್ನೊಂದು ಮಾತು. ಮಳೆ ಬಸಾಲ್ಟನ್ನು ಕರಗಿಸುವಾಗ ಗಾಳಿಯ ಇಂಗಾಲವನ್ನೂ ಕಟ್ಟಿಕೊಂಡು ನದಿಯ ಮೂಲಕ ಕಡಲಿಗೆ ಒಯ್ಯುತ್ತದೆ, ಅಲ್ಲಿ ಅದು ಚಿಪ್ಪು, ಸುಣ್ಣಕಲ್ಲು ಆಗುತ್ತದೆ. ಕೋಟಿ ವರ್ಷಗಳ ನಂತರ ಜ್ವಾಲಾಮುಖಿಗಳು ಅದನ್ನು ಗಾಳಿಗೆ ಮರಳಿಸುತ್ತವೆ. ಫ್ರಾನ್ಸಿನ ಎಬೆಲ್ಮನ್ 1845ರಲ್ಲೇ ಇದನ್ನು ಊಹಿಸಿದ್ದ, ಅಮೆರಿಕದ ಹೆರಾಲ್ಡ್ ಯೂರಿ 1952ರಲ್ಲಿ ಮತ್ತೆ ವಿವರಿಸಿದ. ಭೂಮಿ ಬಿಸಿಯಾದರೆ ಮಳೆ ಹೆಚ್ಚಿ ಕಲ್ಲು ಬೇಗ ಕರಗುತ್ತದೆ, ಇಂಗಾಲ ಕಡಿಮೆಯಾಗುತ್ತದೆ; ತಂಪಾದರೆ ಇದರ ಉಲ್ಟಾ. ಈ ತಕ್ಕಡಿಯ ಲೆಕ್ಕವನ್ನು ವಾಕರ್, ಹೇಸ್, ಕಾಸ್ಟಿಂಗ್ ಎಂಬುವರು 1981ರಲ್ಲಿ ಕೊಟ್ಟರು. ಭೂಮಿಯ ನೆಲದಲ್ಲಿ ಬಸಾಲ್ಟ್ ನೂರಕ್ಕೆ ಐದು ಭಾಗಕ್ಕಿಂತ ಕಡಿಮೆ. ಆದರೂ ಸಿಲಿಕೇಟ್ ಕಲ್ಲುಗಳು ಹೀಗೆ ಹೀರುವ ಇಂಗಾಲದಲ್ಲಿ ಸುಮಾರು ಮೂರನೇ ಒಂದು ಪಾಲು ಬಸಾಲ್ಟಿನದು ಎಂದು ಅಂದಾಜು. ನಮ್ಮ ಕರಿಕಲ್ಲು ಜಗತ್ತಿಗೆ ದುಡಿಯುತ್ತಿದೆ!

ಆದರೆ ಈ ತಕ್ಕಡಿ ಸರಿಯಾಗಲು ಲಕ್ಷಾಂತರ ವರ್ಷ ಬೇಕು. ನಾವು ಇನ್ನೂರೈವತ್ತು ವರ್ಷಗಳಲ್ಲಿ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹತ್ತು ಲಕ್ಷದಲ್ಲಿ 280 ಪಾಲಿನಿಂದ 420ಕ್ಕೂ ಮೇಲೆ ಏರಿಸಿದ್ದೇವೆ. ಪ್ರಕೃತಿ ಎಲ್ಲ ಸರಿ ಮಾಡಿಕೊಳ್ಳುತ್ತದೆ ಎನ್ನುವುದು ನಿಜ. ಆದರೆ ಅದರ ಗಡಿಯಾರ ಬೇರೆ, ನಮ್ಮದು ಬೇರೆ.

ಇರಲಿ, ತರಗತಿಗೆ ಮರಳೋಣ. ಆ ಹುಡುಗನನ್ನು ಮುಂದೆ ಕರೆದು ಎರಡೂ ಕಲ್ಲಿನ ಮೇಲೆ ನಿಂಬೆರಸ ಹಿಂಡಲು ಹೇಳಿದೆವು. ಬಿಳಿ ಹರಳು ಚುರ್ರೆಂದು ನೊರೆ ಬಿಟ್ಟಿತು, ಕೆಂಪು ಕಲ್ಲು ಸುಮ್ಮನಿತ್ತು. "ಇದರಾಗ ಮಳೀ ಹಿಡಿದಿಟ್ಟ ಗಾಳಿ ಐತಿ, ಅದು ಈಗ ಹೊರಗ ಬಂತು. ಕೆಂಪುದರಾಗಿನ ಸುಣ್ಣ ಎಲ್ಲಾ ಹೊಳೀ ಒಯ್ದೈತಿ" ಎಂದೆವು. ಆಮೇಲೆ ಹಲಗೆಯ ಮೇಲೆ ಎದುರುಬದುರು ಎರಡು ಬಾಣ ಬರೆದು, "ಅವತ್ತು ಕಲ್ಲು ಬದಲಾಗೂದಿಲ್ಲ ಅಂದಿದ್ದು ನಮ್ಮ ತಪ್ಪು" ಎಂದು ಎಲ್ಲರ ಮುಂದೆ ಒಪ್ಪಿಕೊಂಡೆವು. ಮಕ್ಕಳು ನಗಲಿಲ್ಲ. ಆ ಹುಡುಗ ಮಾತ್ರ ಬಿಳಿ ಕಲ್ಲನ್ನು ಒರೆಸಿ ಮತ್ತೆ ಚೀಲಕ್ಕೆ ಹಾಕಿಕೊಂಡ.

ಶಿಕ್ಷಕ ಬಂಧುಗಳೇ, ಈ ಪ್ರಯೋಗಕ್ಕೆ ಒಂದು ನಿಂಬೆಹಣ್ಣಿನ ಖರ್ಚು. ಜತ್ತ, ಅಕ್ಕಲಕೋಟೆಯ ಎರಿ ಹೊಲಗಳಲ್ಲಿ ಬಿಳಿ ಹರಳು ಹುಡುಕಿ, ಕಾಸರಗೋಡಿನವರಿಗೆ ಮುರಕಲ್ಲು ಅಂಗಳದಲ್ಲೇ ಇದೆ, ಬೀದರದವರಿಗೆ ಕೋಟೆಯೇ ಕೆಂಪು ಕಲ್ಲಿನ ಮೇಲೆ ನಿಂತಿದೆ. ನಿಮ್ಮ ಊರಿನ ಕಲ್ಲನ್ನು ಮಕ್ಕಳ ಕೈಗೆ ಕೊಟ್ಟು ನೋಡಿ, ಅವರು ಏನು ಕೇಳಿದರೆಂದು ನಮಗೂ ಬರೆದು ತಿಳಿಸಿ. ಉತ್ತರ ಬರದಿದ್ದರೆ "ನಾಳೆ ಹೇಳುತ್ತೇನೆ" ಎನ್ನಿ. ಆದರೆ ಆ ನಾಳೆಯನ್ನು ಮರೆಯಬೇಡಿ.